ಬರೀ ಗ್ರಾಮರಿಗೆ ಜೋತುಬೀಳಬೇಡ ತಮ್ಮಾ

ತಮ್ಮಾ, ಇಂಗ್ಲಿಷಿನಲ್ಲಿ ಒಳ್ಳೆ ಅಂಕ ಬಂತು ಅಂತ ಪೇಢೆ ಕೊಟ್ಟೆ. ತಿಂದು ಸಂತೋಷಪಟ್ಟಿದ್ದೇನೆ. ಈಗ ನಾಲ್ಕು ಮಾತು ಹೇಳುತ್ತೇನೆ, ಮೊಬೈಲ್ ಬದಿಗಿಟ್ಟು ಕೇಳು. ನೀನು ಜಾಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಸರ ನಿನ್ನ ಹುಟ್ಟುಗುಣ. ಗೈಡ್ ಬಾಯಿಪಾಠ ಮಾಡಿ, ಟೆನ್ಸು, ಪ್ಯಾಸಿವ್ ವಾಯ್ಸು ಎಲ್ಲ ಅರೆದು ಕುಡಿದು, ಭಾಷೆಯೇ ಬಂತು ಅಂದುಕೊಂಡಿದ್ದೀ. ಅದನ್ನು ಆಡುವ ಜನ ಹೇಗೆ ಬದುಕುತ್ತಾರೆ, ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಮುಖ ಗಂಟಿಕ್ಕುತ್ತಾರೆ ಅನ್ನೋದು ತಿಳಿಯದೆ ಎಷ್ಟು ದೂರ ಹೋಗುತ್ತೀ?

ನೀನು ಗುರುಮಠಕಲ್ಲಿನ ಹುಡುಗ. ಗಡಿ ದಾಟಿದರೆ ನಾರಾಯಣಪೇಟೆ. ಅಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡಿ ಬರುತ್ತೀ. ಗೆಳೆಯನ ಮನೆಯಲ್ಲಿ ಸುರಕುಂಬಾ ಕುಡಿಯುತ್ತಾ ಕುಡಿಯುತ್ತಾ ಉರ್ದು ಬಂತು. ಯಾವ ಮೇಷ್ಟ್ರು ಕಲಿಸಿದರು ಹೇಳು? ಅವನ ಅಮ್ಮಿಯ ಮುಂದೆ ಎಷ್ಟು ತಗ್ಗಿ ಮಾತಾಡಬೇಕು, ತೆಲುಗಿನ ಅಂಗಡಿಯವನ ಹತ್ತಿರ ಎಷ್ಟು ಸಲಿಗೆ ನಡೆಯುತ್ತದೆ ಅನ್ನೋದೆಲ್ಲ ಮಾತಿನ ಜೊತೆಗೇ ಬಂತು. ಎರಡನ್ನೂ ಇಷ್ಟು ಚೆಂದ ಕಲಿತವನು ಇಂಗ್ಲಿಷಿಗೆ ಬಂದ ಕೂಡಲೇ ಯಾಕೆ ಗೈಡು ತಬ್ಬಿಕೊಂಡು ಕೂತೆ?

ನಮ್ಮ ಹಿರಿಯರಿಗೆ ಶಾಲೆಯ ಪರಕೀಯ ಭಾಷೆ ಅಂದರೆ ಉರ್ದು. ನಿಜಾಮನ ಸೀಮೆ ಇದು. 1918ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರಿಕೆಯನ್ನೂ ಉರ್ದುವಿನಲ್ಲೇ ಹೇಳಿಕೊಡುತ್ತಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಕಷ್ಟವೇ, ತಮ್ಮ ನುಡಿ ಹಿಂದೆ ಬಿತ್ತು ಅನ್ನುವ ನೋವೂ ಇತ್ತು. ಆದರೂ ಆ ಪೀಳಿಗೆಯವರು ಶಾಯರಿ ಕೇಳಿದರು, ಕಾಗದ ಬರೆಯುವ ರೀತಿ ಕಲಿತರು, ದೊಡ್ಡವರ ಮುಂದೆ ಕೂರುವ ಅದಬು ಕಲಿತರು. 1948ರಲ್ಲಿ ನಿಜಾಮನ ಆಳ್ವಿಕೆ ಹೋಯಿತು, ಅವರ ಉರ್ದು ಹೋಗಲಿಲ್ಲ.

ಇನ್ನೊಂದು ಕಥೆ ನಮ್ಮ ಜಿಲ್ಲೆಯದೇ. ಸುರಪುರದ ಟೇಲರ್ ಮಂಜಿಲ್ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡೆಯಲ್ಲ, ಆ ಟೇಲರ್ ಯಾರು ಅಂತ ಕೇಳಿದೆಯಾ? ಫಿಲಿಪ್ ಮೆಡೋಸ್ ಟೇಲರ್. ಲಿವರ್‌ಪೂಲಿನಲ್ಲಿ 1808ರಲ್ಲಿ ಹುಟ್ಟಿದವನು, 1824ರಲ್ಲಿ ಮುಂಬಯಿಗೆ ಬಂದಿಳಿದಾಗ ನಿನ್ನಷ್ಟೇ ಹುಡುಗ. ಆಮೇಲೆ ನಿಜಾಮನ ಚಾಕರಿಗೆ ಸೇರಿದ. ಹಿಂದೂಸ್ತಾನಿಯನ್ನು ಜನರ ನಡುವೆ ಓಡಾಡಿ ಕಲಿತ. ಠಕ್ಕರ ಬದುಕಿನ ಮೇಲೆ 1839ರಲ್ಲಿ ಅವನು ಬರೆದ ಕಾದಂಬರಿಯನ್ನು ಇಂಗ್ಲೆಂಡು ಮುಗಿಬಿದ್ದು ಓದಿತು. ಜನರ ಒಳಮನಸ್ಸು ತಿಳಿಯದವನು ಅಂಥದ್ದನ್ನು ಬರೆಯಲಾರ. 1841ರಿಂದ 1853ರವರೆಗೆ ಸುರಪುರದಲ್ಲಿದ್ದ. ಎಳೆಯ ದೊರೆ ವೆಂಕಟಪ್ಪ ನಾಯಕ ಅವನ ಕಣ್ಣೆದುರಿಗೇ ಬೆಳೆದ, ಅವನನ್ನು ‘ಅಪ್ಪಾ’ ಅಂತಲೇ ಕರೆದ. ಬಿಳಿಯರ ನಡೆನುಡಿಯನ್ನು ಅಷ್ಟು ಹತ್ತಿರದಿಂದ ಕಂಡ ಅದೇ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ಮೇಲೆ ಕತ್ತಿ ಹಿರಿದ. ಪರರ ರೀತಿ ತಿಳಿದರೆ ನಮ್ಮತನ ಹೋಗುತ್ತದೆ ಅಂತ ನಿಮ್ಮಪ್ಪ ಹೆದರುತ್ತಾನಲ್ಲ, ಅವನಿಗೂ ಈ ಕಥೆ ಹೇಳು.

ಈಗ ನಿನ್ನ ವಿಷಯ. ದೊಡ್ಡವರು ಮಾತಾಡಿಸಿದರೆ ನೀನು ನೆಲ ನೋಡುತ್ತೀ. ನಮ್ಮಲ್ಲಿ ಅದು ಮರ್ಯಾದೆ. ಇಂಗ್ಲಿಷಿನವರ ಸಂದರ್ಶನದಲ್ಲಿ ಹಾಗೆ ಕೂತರೆ ಇವನೇನೋ ಮುಚ್ಚಿಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ಇಲ್ಲಿ ‘ಎದುರು ಮಾತಾಡ್ತಾನ’ ಅನ್ನುತ್ತಾರೆ. ಅಲ್ಲಿ ಸುಮ್ಮನೆ ಕೂತವನನ್ನೇ ದಡ್ಡ ಅನ್ನುತ್ತಾರೆ. ಬಸ್ಸಿನಲ್ಲಿ ಪಕ್ಕದವರಿಗೆ ‘ಎಷ್ಟು ಪಗಾರ ಅದ, ಮಕ್ಕಳೆಷ್ಟು’ ಅಂತ ಕೇಳೋದು ನಮಗೆ ಪ್ರೀತಿ, ಅವರಿಗೆ ಕಿರಿಕಿರಿ. ಅವರು ಹವಾಮಾನದ ಮಾತು ತೆಗೆಯುತ್ತಾರೆ. ನಗಬೇಡ. ಡಿಸೆಂಬರಿನ ಲಂಡನ್ನಿನಲ್ಲಿ ಸಂಜೆ ನಾಲ್ಕಕ್ಕೇ ಹೊತ್ತು ಮುಳುಗುತ್ತದೆ, ಜೂನಿನಲ್ಲಿ ರಾತ್ರಿ ಒಂಬತ್ತಾದರೂ ಬೆಳಕು. ಬಿಸಿಲಿಗಾಗಿ ತಿಂಗಳುಗಟ್ಟಲೆ ಕಾದವರ ಪದ್ಯವನ್ನು ಏಪ್ರಿಲ್ಲಿನ ನಮ್ಮ ಬಿಸಿಲಲ್ಲಿ ಬೆಂದು ಕೂತು ಓದುತ್ತೀ, ಹೇಗೆ ಒಳಗಿಳಿಯಬೇಕು? ಗುರ್ಜಿ ಹೊತ್ತು ಮಳೆ ಕರೆಯುವ ಊರಿನ ಮಗು ಮಳೆಯನ್ನು ಹೋಗು ಅನ್ನುವ ಇಂಗ್ಲಿಷ್ ಹಾಡಿಗೆ ಕೈ ಕುಣಿಸೋದು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಾಡು ಬೇಡ ಅನ್ನೋದಿಲ್ಲ. ಆ ಊರಲ್ಲಿ ಮಳೆ ಯಾಕೆ ಬೇಸರ ಅಂತ ಟೀಚರು ಎರಡು ನಿಮಿಷ ಹೇಳಬೇಕು, ಅವರು ಹೇಳದಿದ್ದರೆ ನೀನು ಕೇಳಬೇಕು. 2007ರಿಂದ ಸರಕಾರಿ ಶಾಲೆಯಲ್ಲೂ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಇದೆ. ಅಷ್ಟು ವರ್ಷ ಕಲಿತವನಿಗೆ ಇಷ್ಟಾದರೂ ತಿಳಿಯದಿದ್ದರೆ ಹೇಗೆ?

ಹಾಗಂತ ಅವರ ರೀತಿಯನ್ನೆಲ್ಲ ಮನೆಗೆ ಹೊತ್ತು ತರಬೇಡ. ಸೋದರಮಾವ ಬಂದರೆ ಕಾಲಿಗೆರಗು, ಪಗಾರವನ್ನೂ ಕೇಳು. ಕೇಳದಿದ್ದರೆ ಆತನಿಗೇ ಬೇಜಾರು.

ಮತ್ತೆ ಒಂದು ಕೆಲಸ ಕೊಡುತ್ತೇನೆ. ಮೊಹರಮ್ಮಿಗೆ ಅಲಾಯಿ ಆಡಲು ಹೋಗುತ್ತೀಯಲ್ಲ, ಅದನ್ನು ಕಂಡೇ ಇಲ್ಲದ ಲಿವರ್‌ಪೂಲಿನ ಹುಡುಗನಿಗೆ ಇಂಗ್ಲಿಷಿನಲ್ಲಿ ಬರೆದು ತಿಳಿಸು. ಅಲಾಯಿ ಕುಣಿ ಅಂದರೇನು, ಹಿಂದೂಗಳು ಯಾಕೆ ಪೀರರಿಗೆ ಸಕ್ಕರೆ ಓದಿಸುತ್ತಾರೆ, ರಿವಾಯತ್ ಪದ ಕನ್ನಡದಲ್ಲಿ ಯಾಕಿದೆ? ಅರ್ಧ ಪುಟ ಸಾಕು. ಭಾನುವಾರ ತಂದು ನನಗೆ ಓದಿ ಹೇಳು. ಗೈಡಿನಲ್ಲಿ ಹುಡುಕಬೇಡ, ಅಲ್ಲಿ ಸಿಗೋದಿಲ್ಲ.