ದುಡಿದರೆ ಇಳಿಯುವ ಬೆನ್ನುನೋವು

ಬೆನ್ನುನೋವು ನಮಗೆ ಹೊಸದಲ್ಲ. ಶೇಂಗಾ ಕಿತ್ತ ದಿನ, ಗೊಬ್ಬರ ಹೇರಿದ ದಿನ ನನಗೂ ಬರುತ್ತೆ. ಒಂದು ರಾತ್ರಿ ಮಲಗಿ ಎದ್ದರೆ ಅರ್ಧ ಇಳಿದಿರುತ್ತೆ. ಆದರೆ ಮಲಗಿದರೆ ಹೆಚ್ಚಾಗಿ, ದುಡಿದರೆ ಕಡಿಮೆಯಾಗುವ ಇನ್ನೊಂದು ಬೆನ್ನುನೋವು ಇದೆ. ನನ್ನ ಮಗನಿಗೆ ಇದ್ದದ್ದು ಅದು. ನಾನು ಐದು ವರ್ಷ ಅದನ್ನು ಸೋಮಾರಿತನ ಅಂದುಕೊಂಡೆ.

ಅವನಿಗೆ ಆಗ 22. ಬೆಳಗ್ಗೆ ಒಂದು ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಮುದುಕರ ಹಾಗೆ ಏಳುತ್ತಿದ್ದ. ಹತ್ತು ಗಂಟೆ ಹೊತ್ತಿಗೆ ನನಗಿಂತ ಚುರುಕಾಗಿ ಕುಂಟೆ ಹೊಡೆಯುವನು. 'ಹತ್ತಕ್ಕೆ ಹೋಗೋ ನೋವು ಆರಕ್ಕೆ ಎಲ್ಲಿಂದ ಬರುತ್ತೋ?' ಅಂತ ಆಳುಗಳ ಮುಂದೆಯೇ ಬೈದಿದ್ದೇನೆ. ರಾತ್ರಿ ಮೂರಕ್ಕೆ ಎದ್ದು ಅಂಗಳದಲ್ಲಿ ತಿರುಗಾಡುತ್ತಾನೆ ಅಂತ ಅವನ ತಾಯಿ ಹೇಳಿದ್ದಳು. ಕಿವಿಗೆ ಹಾಕಿಕೊಳ್ಳಲಿಲ್ಲ. ಒಬ್ಬ ಡಾಕ್ಟರು ಎಕ್ಸ್‌ರೇ ತೆಗೆಸಿ 'ಏನೂ ಇಲ್ಲ, ಭಾರ ಎತ್ತಿದ್ದು, ಒಂದು ತಿಂಗಳು ಮಲಗಲಿ' ಅಂದರು. ತಿಂಗಳು ಮಲಗಿದವನು ಕೊರಡಿನಂತೆ ಎದ್ದ.

ಕೊನೆಗೆ ಗುಟ್ಟು ಬಿಟ್ಟುಕೊಟ್ಟದ್ದು ಕಣ್ಣು. ಒಂದು ಕಣ್ಣು ಕೆಂಪಾಗಿ, ಬೆಳಕು ನೋಡಲಾಗದಷ್ಟು ನೋವು. ಕಣ್ಣಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, 'ಬೆಳಗ್ಗೆ ಸೊಂಟ ಬಿಗಿ ಹಿಡಿಯುತ್ತೇನಪ್ಪಾ?' ಅಂತ ಕೇಳಿದರು. ಕಣ್ಣಿಗೂ ಸೊಂಟಕ್ಕೂ ಎಲ್ಲಿಯ ನಂಟು ಅಂತ ನಾನು ಬಾಯಿ ಬಿಟ್ಟುಕೊಂಡು ನಿಂತೆ. ಅವರೇ ಕೀಲುವಾತದ ತಜ್ಞರಿಗೆ ಚೀಟಿ ಬರೆದರು.

ರೋಗದ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ನಮ್ಮಲ್ಲಿ ಕತ್ತುನೋವಿಗೆಲ್ಲ ಸ್ಪಾಂಡಿಲೈಟಿಸ್ ಅನ್ನುತ್ತಾರಲ್ಲ, ಅದು ಹೆಚ್ಚಾಗಿ ವಯಸ್ಸಿನ ಸವೆತ. ಇದು ಬೇರೆ. ಮೈ ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿ ಬೀಳುತ್ತೆ. ಬೇಲಿ ಎದ್ದು ಹೊಲ ಮೇಯ್ದಂತೆ. ಬೆನ್ನೆಲುಬು ಸೊಂಟದ ಮೂಳೆಗೆ ಕೂಡುವ ಕೀಲಲ್ಲಿ ಸಾಮಾನ್ಯವಾಗಿ ಉರಿಯೂತ ಶುರು. ಉರಿಯೂತ ಆದ ಕಡೆ ಮೈ ಹೊಸ ಮೂಳೆ ಬೆಳೆಸುತ್ತೆ. ಹಾಗೇ ಬಿಟ್ಟರೆ ಕೆಲವರಲ್ಲಿ ವರ್ಷಗಳ ಮೇಲೆ ಮಣಿಗೆ ಮಣಿ ಬೆಸೆದು ಬೆನ್ನು ಬಿದಿರಿನ ಗಳುವಿನಂತಾಗುತ್ತೆ. ಪಕ್ಕೆಲುಬಿನ ಕೀಲೂ ಬಿಗಿದರೆ ಎದೆ ತುಂಬ ಉಸಿರು ಎಳೆಯಲಾಗದು.

ಮೊದಲ ವರ್ಷಗಳಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು, ಎಂಆರ್‌ಐಯಲ್ಲಿ ಬೇಗ ಕಾಣುತ್ತೆ. ಎಚ್‌ಎಲ್‌ಎ-ಬಿ27 ಅನ್ನುವ ಗುರುತನ್ನೂ ರಕ್ತದಲ್ಲಿ ನೋಡುತ್ತಾರೆ. ಈ ರೋಗಕ್ಕೂ ಅದಕ್ಕೂ ನಂಟಿದೆ ಅಂತ ತಿಳಿದದ್ದು 1973ರಲ್ಲಿ. ಗುರುತು ಇದ್ದವರಲ್ಲಿ ಬಹುಪಾಲು ಜನಕ್ಕೆ ರೋಗ ಬರುವುದೇ ಇಲ್ಲ. ಹಾಗಾಗಿ ಮಗಳ ರಕ್ತ ತೆಗೆಸಲು ಓಡಲಿಲ್ಲ.

ನಿಮ್ಮ ಮನೆಯಲ್ಲಿ 45ರ ಒಳಗಿನವರಿಗೆ, ಗಂಡಾಗಲಿ ಹೆಣ್ಣಾಗಲಿ, ಮೂರು ತಿಂಗಳು ದಾಟಿದ ಸೊಂಟನೋವಿದ್ದು, ಬೆಳಗ್ಗೆ ಅರ್ಧ ಗಂಟೆಗೂ ಮೀರಿ ಬಿಗಿತ ಇದ್ದರೆ, ಬೆಳಗಿನ ಜಾವ ನೋವಿಗೆ ಎಚ್ಚರವಾಗುತ್ತಿದ್ದರೆ, ಓಡಾಡಿದಂತೆ ಇಳಿಯುತ್ತಿದ್ದರೆ ಕೀಲುವಾತದ ಡಾಕ್ಟರಿಗೆ ತೋರಿಸಿ. ಹಿಮ್ಮಡಿ ನೋವು, ಮತ್ತೆ ಮತ್ತೆ ಕಣ್ಣು ಕೆಂಪಾಗುವುದು ಇದ್ದರಂತೂ ತಡ ಮಾಡಬೇಡಿ. ಎಳೆದು ನೆಟಿಗೆ ತೆಗೆಯುವವರ ಹತ್ತಿರ ಮಾತ್ರ ಹೋಗಬೇಡಿ, ಬೆಸೆದ ಬೆನ್ನು ಮುರಿದೀತು.

ಬೇರುಸಮೇತ ಕೀಳುವ ಮದ್ದಿಲ್ಲ, ಹಿಡಿದು ನಿಲ್ಲಿಸುವ ಮದ್ದಿದೆ. ಮೊದಲು ಉರಿಯೂತ ಇಳಿಸುವ ಮಾತ್ರೆ. ಊಟದ ಮೇಲೆ, ಹೊಟ್ಟೆ ಮತ್ತು ಮೂತ್ರಪಿಂಡದ ಮೇಲೆ ಡಾಕ್ಟರ ಕಣ್ಣಿಟ್ಟುಕೊಂಡು. ಅದಕ್ಕೆ ಬಗ್ಗದಿದ್ದರೆ ಇಂಜೆಕ್ಷನ್ನು, ದುಬಾರಿ. ಕೊಡುವ ಮೊದಲು ಕ್ಷಯ ಇದೆಯೇ ಅಂತ ನೋಡಲೇಬೇಕು. ನನ್ನ ಮಗನಿಗೆ ಮಾತ್ರೆಯಲ್ಲೇ ನಡೆದಿದೆ. ಬೀಡಿ ಬಿಟ್ಟ. ದಿಂಬು ತೆಳ್ಳಗಾಯಿತು. ದಿನಾ ವ್ಯಾಯಾಮ ತಪ್ಪಿಸುವಂತಿಲ್ಲ, ಹೊಲದ ಕೆಲಸ ಬಗ್ಗಿಸುತ್ತೆ, ವ್ಯಾಯಾಮ ನೆಟ್ಟಗೆ ಮಾಡುತ್ತೆ.

ತಿಂಗಳಿಗೊಮ್ಮೆ ಅವನು ಹಿಮ್ಮಡಿ, ಬೆನ್ನು ಗೋಡೆಗೆ ಒತ್ತಿ ನಿಲ್ಲುತ್ತಾನೆ. ತಲೆಯ ಹಿಂಭಾಗ ಗೋಡೆಗೆ ತಾಗಬೇಕು. ಅವನದು ತಾಗುವುದಿಲ್ಲ, ಎರಡು ಬೆರಳು ಸಂದು. ಅಳೆಯುವ ಬೆರಳು ನನ್ನದೇ. ಎರಡು ವರ್ಷದಿಂದ ಅದು ಮೂರಾಗಿಲ್ಲ.