ಯಾವ ನೆರವು, ಯಾರಿಂದ, ಯಾವಾಗ: ತೀರ್ಮಾನ ನಿಮ್ಮದೇ

ಅಂಗವಿಕಲರಿಗೆ ಏನು ಬೇಕೆಂದು ಮನೆಯವರನ್ನು ಕೇಳುತ್ತಾರೆ, ವೈದ್ಯರನ್ನು ಕೇಳುತ್ತಾರೆ, ಪಂಚಾಯಿತಿ ಸದಸ್ಯರನ್ನು ಕೇಳುತ್ತಾರೆ. ಅವರನ್ನೇ ಕೇಳುವುದು ಕೊನೆಗೆ. ಎಷ್ಟೋ ಸಲ ಕೇಳುವುದೇ ಇಲ್ಲ. ಸ್ವೀಡನ್‌ನಲ್ಲಿ ಹೆಚ್ಚಿನ ಆಸರೆ ಬೇಕಾದವರು ತಮ್ಮ ಸಹಾಯಕರನ್ನು ತಾವೇ ಆರಿಸಿಕೊಳ್ಳಲು 1994ರಿಂದ ಸರ್ಕಾರವೇ ಹಣ ಕೊಡುತ್ತಿದೆ. ಬ್ರಿಟನ್ 1996ರಲ್ಲಿ ಇಂಥದ್ದೇ ಕಾಯ್ದೆ ಮಾಡಿತು. ನಮ್ಮಲ್ಲಿ ಹಾಗೆ ಒಬ್ಬೊಬ್ಬರ ಹೆಸರಿಗೆ ಇಡಿಗಂಟು ಬರುವುದಿಲ್ಲ. ಆದರೆ ಹಕ್ಕಿದೆ, ಅಲ್ಲೊಂದು ಇಲ್ಲೊಂದು ಕಡೆ ಹಣವೂ ಇದೆ. ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿದ್ದುಕೊಂಡು ಇವನ್ನು ಜೋಡಿಸಿಕೊಳ್ಳುವುದು ಹೇಗೆ ಎಂಬುದು ಇಲ್ಲಿದೆ.

ಮೊದಲು ಪಟ್ಟಿ, ಆಮೇಲೆ ಅರ್ಜಿ

ಹೆಚ್ಚಿನವರು 'ಯಾವ ಯೋಜನೆ ಬಂದಿದೆ' ಎಂದು ವಿಚಾರಿಸುತ್ತಾರೆ. ತ್ರಿಚಕ್ರ ವಾಹನ ಬಂದಿದೆ ಎಂದರೆ ಅದಕ್ಕೆ ಅರ್ಜಿ ಹಾಕುತ್ತಾರೆ. ಮನೆ ಮುಂದೆ ನಾಲ್ಕು ಕಲ್ಲಿನ ಮೆಟ್ಟಿಲಿದ್ದರೆ ಆ ವಾಹನ ಹೊರಗೇ ನಿಂತು ತುಕ್ಕು ಹಿಡಿಯುತ್ತದೆ. ಅಲ್ಲಿ ಮೊದಲು ಬೇಕಿದ್ದದ್ದು ಇಳಿಜಾರು.

ಆದ್ದರಿಂದ ಏಳುವ ಹೊತ್ತಿನಿಂದ ಮಲಗುವ ತನಕದ ನಿಮ್ಮ ದಿನವನ್ನು ಬರೆಯಿರಿ, ಬರೆಯಲಾಗದಿದ್ದರೆ ಹೇಳಿ ಬರೆಸಿ. ಎಲ್ಲೆಲ್ಲಿ ಇನ್ನೊಬ್ಬರ ಕೈ ಬೇಕು, ಎಷ್ಟು ಹೊತ್ತು, ಯಾರ ಕೈ? ಶಿವಗಂಗೆ ಬೆಟ್ಟದ ಬುಡದ ಹಳ್ಳಿಯೊಂದರಲ್ಲಿ ಕಾಲಿನ ಸ್ವಾಧೀನವಿಲ್ಲದ ಯುವತಿಯೊಬ್ಬಳು ಇದ್ದಾಳೆ ಎಂದಿಟ್ಟುಕೊಳ್ಳಿ. ಸೋಂಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಆಸೆ ಅವಳಿಗೆ. ಬೆಳಿಗ್ಗೆ ಸ್ನಾನಕ್ಕೆ ಒಬ್ಬ ಹೆಂಗಸಿನ ನೆರವು, ಬಚ್ಚಲಿನಲ್ಲಿ ಹಿಡಿಕೆ, ದಾಬಸ್‌ಪೇಟೆವರೆಗೆ ಆಟೊ ಸಿಕ್ಕರೆ ಸಾಕು, ಮಿಕ್ಕದ್ದು ಅವಳೇ ಮಾಡಿಕೊಳ್ಳುತ್ತಾಳೆ. ಪಟ್ಟಿ ಇಷ್ಟು ಖಚಿತವಾಗಿದ್ದರೆ ಕಚೇರಿಯಲ್ಲಿ ಮಾತು ಮುಂದೆ ಹೋಗುತ್ತದೆ. ಮಾತಾಡಲು ಬಾರದವರ, ಬುದ್ಧಿಮಾಂದ್ಯತೆ ಇರುವವರ ಪಟ್ಟಿಯಲ್ಲೂ ಅವರ ಇಷ್ಟಾನಿಷ್ಟಗಳೇ ಮೊದಲು ಬರಬೇಕು. ಯಾರು ಉಣಿಸಿದರೆ ತಿನ್ನುತ್ತಾರೆ, ಯಾರು ಮುಟ್ಟಿದರೆ ಮುದುಡುತ್ತಾರೆ ಎಂಬುದು ಮನೆಯವರಿಗೆ ತಿಳಿದೇ ಇರುತ್ತದೆ. ಅದನ್ನೇ ಬರೆಯಿರಿ.

ಯುಡಿಐಡಿ ಕಾರ್ಡ್

ಅಂಗವಿಕಲರ ಈ ವಿಶಿಷ್ಟ ಗುರುತಿನ ಚೀಟಿ ಇಲ್ಲದೆ ಯಾವ ಬಾಗಿಲೂ ತೆರೆಯದು. ಆಧಾರ್, ಫೋಟೊ, ವಿಳಾಸದ ದಾಖಲೆಯೊಂದಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ವೈದ್ಯಕೀಯ ತಪಾಸಣೆಗೆ ಕರೆದ ದಿನ ಹಳೆಯ ಚಿಕಿತ್ಸೆಯ ಕಾಗದಗಳನ್ನೆಲ್ಲ ಒಯ್ಯಿರಿ. ವೈಕಲ್ಯ ಶೇ 40ರಿಂದ 79ರವರೆಗೆ ಇದ್ದರೆ ಹಳದಿ ಕಾರ್ಡ್, 80 ಮತ್ತು ಮೇಲ್ಪಟ್ಟರೆ ನೀಲಿ, 40ಕ್ಕಿಂತ ಕಡಿಮೆಗೆ ಬಿಳಿ. ಶೇಕಡಾವಾರು ತಪ್ಪಾಗಿದೆ ಎನಿಸಿದರೆ ಮೇಲ್ಮನವಿಗೆ ಅವಕಾಶವಿದೆ.

ಪಂಚಾಯಿತಿಯ ಐದು ಶೇಕಡಾ

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಎಲ್ಲಕ್ಕಿಂತ ಕಡಿಮೆ ಜನ ಕೇಳುವುದೂ ಇದನ್ನೇ. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಕಾರ್ಖಾನೆ, ಗೋದಾಮುಗಳಿಂದ ತೆರಿಗೆ ಬರುವ ಕಡೆ ಇದು ಸಣ್ಣ ಮೊತ್ತವಾಗುವುದಿಲ್ಲ. ಮೇಲಿನಿಂದ ಬರುವ ಯೋಜನೆಯಲ್ಲಿ ಏನು ಕೊಡಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಇಲ್ಲಿ ಹಾಗಲ್ಲ, ನಿಮ್ಮ ಊರಿನಲ್ಲೇ ಕೂತು ಚರ್ಚಿಸಬಹುದು.

ಪ್ರತಿ ಪಂಚಾಯಿತಿಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯು ಇರುತ್ತಾರೆ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು ಇರುತ್ತಾರೆ. ಪಟ್ಟಿಯನ್ನು ಮೊದಲು ಅವರಿಗೆ ತೋರಿಸಿ. ಬಳಿಕ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹೆಸರಿಗೆ ಅರ್ಜಿ ಬರೆದು, ಇನ್ನೊಂದು ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಅಂಗವಿಕಲರ ವಿಶೇಷ ಗ್ರಾಮಸಭೆ ಯಾವಾಗ ಎಂದು ಕೇಳಿ, ಕಳೆದ ವರ್ಷ ಈ ಹಣ ಯಾವುದಕ್ಕೆ ಹೋಯಿತೆಂದೂ ಕೇಳಿ. ಸಭೆಗೆ ನೀವೇ ಹೋಗಬೇಕು. ಸಭೆ ಮಹಡಿಯ ಮೇಲಿದ್ದರೆ ಕೆಳಗೆ ನಡೆಸಿ ಎಂದು ಮೊದಲೇ ಬರೆದು ಕೊಡಿ.

ಮಾಸಾಶನ, ಆರೈಕೆ, ಓಡಾಟ

ಅಂಗವಿಕಲರ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ. ಶೇ 40ರ ಮೇಲಿದ್ದರೆ ತಿಂಗಳಿಗೆ 800 ರೂಪಾಯಿ, 75ರ ಮೇಲಿದ್ದರೆ 1,400. ಸಾಲದು ಎನ್ನುವುದು ನಿಜ. ಆದರೂ ಅದು ಬೀಳುವ ಖಾತೆ ನಿಮ್ಮ ಹೆಸರಿನಲ್ಲಿರಲಿ, ಪಾಸ್‌ಬುಕ್ ನಿಮ್ಮ ಬಳಿ ಇರಲಿ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿಯನ್ನು ರಾಜ್ಯ ಸರ್ಕಾರ 2024–25ರ ಬಜೆಟ್‌ನಲ್ಲಿ ಘೋಷಿಸಿದೆ. ಅರ್ಹರಾಗಿದ್ದರೆ ಎಂಆರ್‌ಡಬ್ಲ್ಯು ಮೂಲಕ ವಿಚಾರಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಥೆರಪಿಯೂ ಸೇರಿ. ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸು ಮನೆಯಿಂದ 100 ಕಿ.ಮೀ. ವ್ಯಾಪ್ತಿಗೆ ಅನ್ವಯಿಸುತ್ತದೆ, ಇಲ್ಲಿಂದ ಬೆಂಗಳೂರು, ತುಮಕೂರು ಎರಡೂ ಅದರೊಳಗೆ ಬರುತ್ತವೆ.

ಸಹಾಯಕರನ್ನು ಆರಿಸುವುದು, ಬದಲಿಸುವುದು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಅನ್ನು ಪ್ರತಿ ಮನೆಯಲ್ಲೂ ಓದಿ ಹೇಳಬೇಕು. ನೆರವಿನ ಏರ್ಪಾಡನ್ನು ಮಾರ್ಪಡಿಸುವ, ರದ್ದು ಮಾಡುವ, ಬೇರೊಬ್ಬರ ನೆರವು ಪಡೆಯುವ ಹಕ್ಕನ್ನು ಅದು ಅಂಗವಿಕಲರಿಗೇ ಕೊಟ್ಟಿದೆ. ನೆರವು ನೀಡುವವರು ಒತ್ತಡ ಹೇರುವಂತಿಲ್ಲ. ಹಣದ ವಿಚಾರದಲ್ಲಿ ಅವರ ಹಿತವೂ ನಿಮ್ಮ ಹಿತವೂ ತಾಕಲಾಡಿದರೆ ಅವರು ಆ ವಿಷಯದಿಂದ ದೂರ ನಿಲ್ಲಬೇಕು. ಅಣ್ಣ, ಅತ್ತಿಗೆ, ದೊಡ್ಡಪ್ಪನ ಮಗ ಯಾರೇ ಆಗಿರಲಿ, ಜಮೀನಿನ ಕಾಗದಕ್ಕೆ ಹೆಬ್ಬೆಟ್ಟು ಕೇಳಿದಾಗ ಇದು ನೆನಪಿರಲಿ.

ಸಂಬಳಕ್ಕೆ ಯಾರನ್ನಾದರೂ ಇಟ್ಟುಕೊಳ್ಳುವುದಾದರೆ ಕೆಲಸ, ಹೊತ್ತು, ಸಂಬಳ, ರಜೆ ಎಲ್ಲವನ್ನೂ ಮೊದಲೇ ಮಾತಾಡಿಕೊಳ್ಳಿ. ಸಂಬಳವನ್ನು ನಿಮ್ಮ ಕೈಯಿಂದಲೇ ಕೊಡಿ. ಒಂದು ತಿಂಗಳು ನೋಡಿ, ಹೊಂದದಿದ್ದರೆ ಬದಲಿಸಿ. ದಿನವಿಡೀ ಆಸರೆ ಬೇಕಾದವರು ಸೆಕ್ಷನ್ 38ರಡಿ 'ಹೆಚ್ಚಿನ ಬೆಂಬಲ' ಕೋರಿ ಅರ್ಜಿ ಹಾಕಬಹುದು. ಅವರ ಪರವಾಗಿ ಬೇರೆಯವರೂ, ಸಂಸ್ಥೆಯೂ ಹಾಕಬಹುದು.

ಕೆಲಸಕ್ಕೆ ಹೋಗುವವರು ಕಾರ್ಖಾನೆಯಲ್ಲಿ ಸಮಾನ ಅವಕಾಶ ನೀತಿಯ ಪ್ರತಿ ಕೇಳಬೇಕು. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ಅಂಗವಿಕಲರಿಗೆ ಕೊಡುವ ಸೌಲಭ್ಯಗಳ ವಿವರವಿರಬೇಕು, ಅದನ್ನು ನೋಡಿಕೊಳ್ಳಲು ಸಂಪರ್ಕಾಧಿಕಾರಿಯೂ ಇರಬೇಕೆಂಬುದು ನಿಯಮ.

ಆಗಲ್ಲ ಎಂದರೆ

ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಒಪ್ಪಬೇಡಿ, ಕಾರಣ ಬರೆದು ಹಿಂಬರಹ ಕೊಡಿ ಎನ್ನಿ. ಅದನ್ನಿಟ್ಟುಕೊಂಡು ಮೊದಲು ದೇವನಹಳ್ಳಿ ತಾಲ್ಲೂಕು ಬೀರಸಂದ್ರದ ಜಿಲ್ಲಾಡಳಿತ ಭವನದಲ್ಲಿರುವ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳಿಗೆ ಬರೆಯಿರಿ. ಸೋಂಪುರದಿಂದ ಅಲ್ಲಿಗೆ ಹೋಗಿಬರುವುದೇ ಒಂದು ದಿನದ ಪಾಡು, ಹಾಗಾಗಿ ರಿಜಿಸ್ಟರ್ಡ್ ಅಂಚೆ ಸಾಕು. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಿ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸಿಕೊಳ್ಳುವ ಅಧಿಕಾರ ಅವರಿಗಿದೆ. ದೂರಿನ ಜೊತೆ ಮೊದಲು ಬರೆದ ಪಟ್ಟಿ, ಮೊಹರು ಬಿದ್ದ ಅರ್ಜಿ, ಹಿಂಬರಹ, ಈ ಮೂರೂ ಇರಲಿ.