ಅಜ್ಜಿಯ ಪಾಸ್‌ಬುಕ್ ಯಾರ ಹತ್ತಿರ ಇದೆ?



ಸಂಘದ ಸಭೆಗಳಲ್ಲಿ ನಾವು ಉಳಿತಾಯ, ಬಡ್ಡಿ, ಕಂತು ಎಲ್ಲದರ ಬಗ್ಗೆ ಮಾತಾಡುತ್ತೇವೆ. ಮನೆಯ ಹಿರಿಯರ ಹಣದ ವಿಷಯ ಬಂದರೆ ಮಾತ್ರ, ಅದು ಅವರವರ ಮನೆ ವಿಚಾರ ಅಂತ ಸುಮ್ಮನಾಗುತ್ತೇವೆ. ಈ ಸಲದ ಪಾಠಕ್ಕೆ ಅದನ್ನೇ ಆರಿಸಿಕೊಂಡಿದ್ದೇವೆ.

ಮೋಸ ಅಂದ ಕೂಡಲೇ ಫೋನಿನಲ್ಲಿ ಓಟಿಪಿ ಕೇಳುವವನು ನೆನಪಾಗುತ್ತಾನೆ. ಅವನ ಬಗ್ಗೆ ಎಲ್ಲರೂ ಎಚ್ಚರ ಹೇಳುತ್ತಾರೆ. ಆದರೆ ಅಜ್ಜಿಯ ಪಾಸ್‌ಬುಕ್, ಎಟಿಎಂ ಕಾರ್ಡು, ಪಿನ್ ನಂಬರು ಎಷ್ಟೋ ಸಲ ಮಗನ ಹತ್ತಿರವೋ ಮೊಮ್ಮಗನ ಹತ್ತಿರವೋ ಇರುತ್ತದೆ. ಒಂದು ಉದಾಹರಣೆ ನೋಡೋಣ. ಅಜ್ಜಿಗೆ ಸಂಧ್ಯಾ ಸುರಕ್ಷಾ ಹಣ ಬರುತ್ತದೆ. 2021ರಲ್ಲಿ ಅದು ತಿಂಗಳಿಗೆ 1,200 ರೂಪಾಯಿಗೆ ಏರಿತು. ಮಗ ಹೋಗಿ ಬಿಡಿಸಿಕೊಂಡು ಬರುತ್ತಾನೆ. "ನಿನ್ನ ಊಟಕ್ಕೇ ಆಯ್ತಲ್ಲವ್ವ" ಅನ್ನುತ್ತಾನೆ. ಬಿ.ಪಿ. ಮಾತ್ರೆ ಮುಗಿದು ನಾಲ್ಕು ದಿನ ಆದರೂ ಅಜ್ಜಿ ಬಾಯಿ ಬಿಡೋದಿಲ್ಲ. ಮಗ ಕೆಟ್ಟವನೇನೂ ಅಲ್ಲ. ಆದರೆ ಆ ಹಣ ಅಜ್ಜಿಯದು. ಮನೆ ಖರ್ಚಿಗೆ ಕೊಡಬೇಕೋ ಬೇಡವೋ ಅಂತ ಅವರನ್ನು ಯಾರೂ ಕೇಳಲಿಲ್ಲ, ಅಷ್ಟೇ. ಅಲ್ಲಿಂದಲೇ ಎಲ್ಲ ಶುರುವಾಗೋದು.

ಇನ್ನು ಹೆಬ್ಬೆಟ್ಟಿನ ವಿಷಯ. ಊರಲ್ಲೇ ಮಿಷನ್ ಇಟ್ಟುಕೊಂಡು ಆಧಾರ್ ಮೇಲೆ ಹಣ ಕೊಡುವವರಿಂದ ಬಹಳ ಅನುಕೂಲ ಆಗಿದೆ, ಇಲ್ಲ ಅನ್ನೋಲ್ಲ. ಕೂಲಿ ಮಾಡಿ ಸವೆದ ಬೆರಳಿನ ಗೆರೆ ಕೆಲವೊಮ್ಮೆ ನಿಜವಾಗಿಯೂ ಹಿಡಿಯುವುದಿಲ್ಲ. ಅದನ್ನೇ ನೆಪ ಮಾಡಿಕೊಂಡು, "ಬರ್ಲಿಲ್ಲಜ್ಜಿ, ಇನ್ನೊಂದ್ಸಲ ಒತ್ತಿ" ಅಂತ ಎರಡು ಸಲ ಹಣ ತೆಗೆಯುವವರೂ ಇದ್ದಾರೆ. ಪ್ರತಿ ಸಲ ಒತ್ತಿದಾಗಲೂ ಚೀಟಿ ಕೇಳಿ, ಹಣ ಬರಲಿಲ್ಲ ಅಂದರೂ ಕೇಳಿ. ತಿಂಗಳಿಗೊಮ್ಮೆ ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿ. ಹಣ ಹೋಗಿದೆ ಅಂತ ಗೊತ್ತಾದ ತಕ್ಷಣ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಹಣ ಕೈಗೆ ಸಿಗೋದು ಕಷ್ಟ.

ಹಾಸಿಗೆ ಹಿಡಿದವರ ಹಣ ಹೇಗೆ ತೆಗೆಯೋದು ಅಂತ ಕೇಳಬಹುದು. ಅದಕ್ಕಾಗಿ ಪಿನ್ ನಂಬರ್ ಯಾರಿಗೂ ಕೊಡಬೇಕಿಲ್ಲ, ಖಾಲಿ ಚಲನ್‌ಗೆ ಸಹಿ ಹಾಕಿಸಿಕೊಳ್ಳುವುದೂ ಬೇಡ. ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ದಾರಿ ಇದೆ. ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ತೆಗೆದುಕೊಳ್ಳಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. 70 ವರ್ಷ ದಾಟಿದವರಿಗೆ ಮನೆ ಬಾಗಿಲಲ್ಲೇ ಸೇವೆ ಕೊಡುವಂತೆ 2017ರಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಮ್ಯಾನೇಜರ್ ಹತ್ತಿರ ಕೇಳಿ. ಸುಮ್ಮನೆ ಕೇಳಿದರೆ ಆಗದಿದ್ದರೆ ಬರೆದು ಕೊಡಿ.

ಎಲ್ಲಕ್ಕಿಂತ ದೊಡ್ಡ ನಷ್ಟ ಜಮೀನು, ಮನೆಯದು. ದಾನಪತ್ರ ನೋಂದಣಿ ಆದ ಮೇಲೆ ಆಸ್ತಿ ಅವರದಲ್ಲ. ವಿಲ್ ಆದರೆ ಬದುಕಿರುವವರೆಗೂ ಬದಲಾಯಿಸಬಹುದು. ಈ ವ್ಯತ್ಯಾಸ ಗೊತ್ತಿಲ್ಲದೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಬರುವವರು ಇದ್ದಾರೆ. ಕೊಡಲೇಬೇಕು ಅಂತಿದ್ದರೆ, ಕೊನೆಯವರೆಗೂ ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಂ ಪ್ರಕಾರ, ಅಂಥ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರ ರದ್ದು ಮಾಡಿಸಬಹುದು. ಷರತ್ತು ಇತ್ತು ಅಂತ ತೋರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ದಾನಪತ್ರವನ್ನು ಅದೇ ಕೋರ್ಟ್ ರದ್ದು ಮಾಡಿತು. ಮಗ ನೋಡಿಕೊಳ್ಳುತ್ತೇನೆ ಅಂತ ಬರೆದುಕೊಟ್ಟ ಕಾಗದ ಆ ತಾಯಿಯ ಹತ್ತಿರ ಇತ್ತು. ಬಾಯಿಮಾತು ನಂಬಿ ಕೂತಿದ್ದರೆ ಏನಾಗುತ್ತಿತ್ತೋ!

ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗಳ ಕಚೇರಿಗೆ, ನಾವು ಎ.ಸಿ. ಆಫೀಸ್ ಅನ್ನುತ್ತೇವಲ್ಲ, ಅಲ್ಲಿಗೆ. 60 ವರ್ಷ ತುಂಬಿದವರು ವಕೀಲರಿಲ್ಲದೆಯೇ ಕೊಡಬಹುದು. ಜೀವನಾಂಶ ಕೇಳುವ ಅರ್ಜಿಯನ್ನು, ಓಡಾಡಲು ಆಗದವರ ಪರವಾಗಿ ಅವರು ಒಪ್ಪಿದ ಬೇರೆಯವರೂ ಕೊಡಬಹುದು. ಅಂದರೆ ನಮ್ಮ ಸಂಘದ ಒಬ್ಬ ಅಕ್ಕನೂ ಕೊಡಬಹುದು. ದಾರಿ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567.

ಕೊನೆಗೆ ನಮ್ಮ ಸಂಘಗಳದ್ದೇ ಒಂದು ಮಾತು, ಸ್ವಲ್ಪ ಕಹಿ ಅನ್ನಿಸಬಹುದು. ಅತ್ತೆಯನ್ನು ಹೆಸರಿಗೆ ಸದಸ್ಯೆ ಮಾಡಿ, ಅವರ ಹೆಸರಿನಲ್ಲಿ ಸಾಲ ಎತ್ತಿ, ಸೊಸೆ ಬಳಸಿಕೊಳ್ಳುವುದು ಆಗಬಾರದು. ಕಂತು ನಿಂತರೆ ಬ್ಯಾಂಕಿನವರು ಹುಡುಕುವುದು ಅತ್ತೆಯನ್ನು. ಸಾಲದ ನಿರ್ಣಯ ಬರೆಯುವ ಮೊದಲು ಹಿರಿಯ ಸದಸ್ಯೆಯನ್ನೇ ಕೂರಿಸಿ, ಮನೆಯವರು ಇಲ್ಲದಾಗ ಕೇಳಿ: "ಅವ್ವಾ, ಈ ಸಾಲ ಯಾಕೆ ಬೇಕು, ಎಷ್ಟು, ಕಟ್ಟೋರು ಯಾರು?" ಉತ್ತರ ಅವರ ಬಾಯಿಂದಲೇ ಬರಲಿ. ಆಮೇಲೆ ಓದಿ ಹೇಳಿ, ಸಹಿ ಹಾಕಿಸಿ.

ಸಭೆಯಲ್ಲಿ ಚರ್ಚಿಸಿ: ನಮ್ಮ ಸಂಘದಲ್ಲಿ 60 ದಾಟಿದ ಸದಸ್ಯೆಯರು ಎಷ್ಟು ಜನ? ಅವರ ಪಾಸ್‌ಬುಕ್ ಯಾರ ಹತ್ತಿರ ಇದೆ? ತಿಂಗಳಿಗೊಮ್ಮೆ ಅವರ ಜೊತೆ ಬ್ಯಾಂಕಿಗೆ ಹೋಗಲು ಯಾವ ಇಬ್ಬರು ತಯಾರಿದ್ದೀರಿ? ಹೆಸರುಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.